ಕರೆಸಿಕೊಳ್ಳುವವರ ಸಹಿ

ಅಂಗಡಿಯಿಂದ,
ಮಾರ್ಚ್ ೪, ಬುಧವಾರ

ಪ್ರೀತಿಯ ಮೊಂಡು ತಮ್ಮಾ,

ಹೇಗಿದ್ದೀಯಾ? ಬೆರಳಿನ ಗಾಯ ಮಾಗಿತೇ? ಜನರೇಟರಿನ ಬೆಲ್ಟಿಗೆ ಬೆರಳು ಕೊಟ್ಟು, ಮೂರು ವಾರ ಎಡಗೈಯಲ್ಲಿ ಬರೆದು, ‘ಇಲ್ಲಿ ಚಳಿ ಅಕ್ಕಾ, ಅದಕ್ಕೇ ಅಕ್ಷರ ಸೊಟ್ಟ’ ಎಂದು ನನಗೇ ಕಾಗೆ ಹಾರಿಸಿದೆಯಲ್ಲ! ಆ ದ್ವೀಪದಲ್ಲಿ ಇನ್ನೂರು ಜನ ಇದ್ದೀರಂತೆ, ನಿನ್ನ ಕಿವಿ ಹಿಂಡುವವರು ಒಬ್ಬರೂ ಇಲ್ಲವೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ, ಮಂಡಿನೋವು ಇದ್ದದ್ದೇ. ಅಪ್ಪನೂ ಚೆನ್ನಾಗಿದ್ದಾರೆ. ಅಪ್ಪನ ವಿಷಯಕ್ಕೇ ಈ ಕಾಗದ. ಅವರ ಹೆಸರು ಕಂಡ ಕೂಡಲೇ ಮಡಿಸಿಡಬೇಡ, ಪೂರ್ತಿ ಓದು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅಪ್ಪ ನಿನ್ನ ದ್ವೀಪಕ್ಕೆ ಬರುತ್ತೇನೆ ಎನ್ನುತ್ತಿದ್ದಾರೆ. ಹೌದು ಮಾರಾಯ, ಅದೇ ಅಪ್ಪ. ಅಮ್ಮ ತೀರಿಕೊಂಡಾಗ ನೀನು ಬರಲಿಲ್ಲವೆಂದು ಫೋನಿನಲ್ಲಿ ‘ಇನ್ಮೇಲೆ ನೀನು ಬರೋದೇ ಬೇಡ, ನನಗೆ ಮಗ ಇಲ್ಲ ಅಂದ್ಕೋತೀನಿ’ ಎಂದ ಅಪ್ಪನೇ. ನಾಲ್ಕು ವರ್ಷದಿಂದ ನಿನ್ನ ಕಾಗದ ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದರು. ಬಾಗಿಲು ಮಾತ್ರ ಯಾವತ್ತೂ ಹಾಕುತ್ತಿರಲಿಲ್ಲ, ನಾನು ಗಟ್ಟಿಯಾಗಿಯೇ ಓದುತ್ತಿದ್ದೆ. ಹಡಗು ಇರಲಿಲ್ಲ, ಅವನು ಹೇಗೆ ಬರುತ್ತಾನೆ ಎಂದು ಎಷ್ಟು ಸಲ ಹೇಳಿದರೂ ಅವರದ್ದು ಒಂದೇ ಹಾಡು, ‘ಮನಸ್ಸಿದ್ರೆ ಮಾರ್ಗ.’

ಹೋದ ತಿಂಗಳು ಹಕ್ಕಿಗಳ ಬಗ್ಗೆ ಸಂಶೋಧನೆ ಮಾಡುವ ಹೆಣ್ಣುಮಗಳೊಬ್ಬಳು ನಮ್ಮ ಅಂಗಡಿಗೆ ಬಂದಳು. ಊರವರ ಪಾಸ್‌ಪೋರ್ಟು, ಪಿಂಚಣಿ, ಪರವಾನಗಿ ಎಲ್ಲದರ ಫಾರಂ ತುಂಬಿಕೊಡುವ ನಾನು, ನಿನ್ನ ದ್ವೀಪದ ಪ್ರವೇಶದ ಫಾರಂ ಕಂಡದ್ದು ಅದೇ ಮೊದಲು. ದೀಪದ ಬುಡ ಕತ್ತಲೆ ಎನ್ನುವುದು ಇದಕ್ಕೇ. ನಿಯಮಗಳ ಇನ್ನೊಂದು ಪ್ರತಿ ತೆಗೆದು ಮನೆಗೆ ತಂದು ಮೇಜಿನ ಮೇಲಿಟ್ಟೆ. ಅಪ್ಪ ಎಂಥವರೆಂದು ನಿನಗೆ ಗೊತ್ತಲ್ಲ, ಬಾಯಿಮಾತಿಗೆ ಬೆಲೆ ಕೊಡುವುದಿಲ್ಲ, ಅಚ್ಚಾದದ್ದನ್ನು ಮಾತ್ರ ನಂಬುತ್ತಾರೆ. ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹನ್ನೆರಡು ಪುಟವನ್ನೂ ಓದಿದರು. ವಿಮಾನ ಇಳಿಯಲು ಜಾಗವಿಲ್ಲ. ಮೂರು ತಿಂಗಳಿಗೆ ಒಂದೇ ಹಡಗು. ಹದಿನಾಲ್ಕು ದಿನದ ಸಮುದ್ರದ ದಾರಿ. ಆ ಸಾಲಿಗೆ ಬಂದಾಗ ಬೆರಳಿಟ್ಟು ಕೇಳಿದರು, ‘ನಿಮ್ಮಮ್ಮ ಹೋದ ದಿನ ಈ ಹಡಗು ಎಲ್ಲಿತ್ತು?’ ದ್ವೀಪದಿಂದ ಹೊರಟು ಆರು ದಿನ ಆಗಿತ್ತಪ್ಪಾ, ಅವನು ಹೇಳಿದ್ದನಲ್ಲ ಎಂದೆ. ‘ಹೇಳಿದ್ದ. ನೆಪ ಅಂದ್ಕೊಂಡೆ’ ಎಂದರು. ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಮ್ಮ ಹೋದ ದಿನವೂ ಅಳದ ಮನುಷ್ಯ ಆ ಕಾಗದಗಳ ಮುಂದೆ ಕೂತು ಅತ್ತರು. ನನಗೆ ಏನು ಮಾಡಬೇಕೋ ತೋಚದೆ ಪಾತ್ರೆ ತೊಳೆಯಲು ಹೋದೆ.

ಮಾರನೆಯ ದಿನದಿಂದ ಶುರುವಾಯಿತು ನೋಡು ಸಂಭ್ರಮ. ಚಪ್ಪಲಿಯಲ್ಲಿ ಮಣ್ಣಿರಬಾರದು, ಜೇಬಿನಲ್ಲಿ ಒಂದು ಬೀಜವೂ ಇರಬಾರದು ಎಂದು ನಿಯಮವಿದೆಯಲ್ಲ, ಹಡಗು ಹೊರಡಲು ಇನ್ನೂ ಒಂದೂವರೆ ತಿಂಗಳಿರುವಾಗಲೇ ಅಪ್ಪ ಗಡಿಯಾರ ಒರೆಸುವ ಬ್ರಷ್ಷಿನಿಂದ ದಿನಾ ಬೂಟಿನ ಅಡಿ ಉಜ್ಜುತ್ತಿದ್ದಾರೆ. ಆಮೇಲೆ ಅದೇ ಬೂಟು ಹಾಕಿಕೊಂಡು ಹಾಲು ತರಲು ಹೋಗುತ್ತಾರೆ, ಬಂದು ಮತ್ತೆ ಉಜ್ಜುತ್ತಾರೆ! ಫೋಟೋದ ಕಥೆಯಂತೂ ಕೇಳಬೇಡ. ಎರಡೂ ಕಣ್ಣು ತೆರೆದಿರಬೇಕೆಂದು ನಿಯಮ. ನಲವತ್ತೈದು ವರ್ಷ ಒಂದು ಕಣ್ಣಿಗೆ ಗಾಜು ಸಿಕ್ಕಿಸಿ ಇನ್ನೊಂದನ್ನು ಮುಚ್ಚಿ ಕೆಲಸ ಮಾಡಿದವರಿಗೆ, ಕ್ಯಾಮೆರಾದ ಗಾಜು ಕಂಡರೆ ಸಾಕು, ಎಡಗಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಮೂರು ಸಲ ತೆಗೆಸಿದೆವು, ಮೂರರಲ್ಲೂ ಯಾರಿಗೋ ಕಣ್ಣು ಹೊಡೆದಂತೆ ಬಂದಿದೆ. ಫೋಟೋದವರು ನಕ್ಕು ನಕ್ಕು ಸುಸ್ತು. ನಾಲ್ಕನೆಯ ಸಲ ನಾನೇ, ‘ಅಪ್ಪಾ, ಇವರ ಗೋಡೆ ಗಡಿಯಾರ ಹನ್ನೊಂದು ನಿಮಿಷ ಹಿಂದೆ ಇದೆ ನೋಡಿ’ ಎಂದೆ. ಸಿಟ್ಟಿಗೆ ಎರಡೂ ಕಣ್ಣು ಅರಳಿದವು, ಫೋಟೋ ಸರಿಯಾಗಿ ಬಂತು. ದ್ವೀಪದ ಅಧಿಕಾರಿಗಳು ಅದನ್ನು ನೋಡಿ ಹೆದರದಿದ್ದರೆ ಸಾಕು.

ಈಗ ಮುಖ್ಯವಾದದ್ದು ಕೇಳು. ಇಳಿಯುವ ದಿನಕ್ಕೆ ಎಪ್ಪತ್ತು ತುಂಬಿದವರನ್ನು ಅಲ್ಲಿಗೆ ಬಿಡುವುದಿಲ್ಲ. ನಿಮ್ಮ ಆಸ್ಪತ್ರೆಯೆಂದರೆ ಒಬ್ಬ ದಾದಿ, ಎರಡು ಹಾಸಿಗೆ, ಅವರನ್ನು ತಪ್ಪು ಎನ್ನಲಾರೆ. ಏಪ್ರಿಲ್ ಇಪ್ಪತ್ತರ ಹಡಗು ಮೇ ನಾಲ್ಕಕ್ಕೆ ನಿಮ್ಮಲ್ಲಿ ಸೇರುತ್ತದೆ. ಮೇ ಹದಿನೇಳಕ್ಕೆ ಅಪ್ಪನಿಗೆ ಎಪ್ಪತ್ತು. ಲೆಕ್ಕ ನೀನೇ ಹಾಕು, ಈ ಹಡಗು ತಪ್ಪಿದರೆ ಅಪ್ಪ ಅಲ್ಲಿಗೆ ಬರುವ ಮಾತೇ ಇಲ್ಲ. ನಿನ್ನ ಕೆಲಸದ ಕರಾರು ಇನ್ನೂ ಆರು ವರ್ಷ ಇದೆ, ರಜೆ ಕೇಳಿದರೂ ಕೊಡುವುದಿಲ್ಲ ಎಂದು ನೀನೇ ಬರೆದಿದ್ದೆ. ವೈದ್ಯರ ಪ್ರಮಾಣಪತ್ರ, ವಿಮೆ, ಹೋಗಿಬರುವ ಟಿಕೆಟ್ಟು, ನಡುವೆ ಹಡಗು ಹತ್ತುವ ಬಂದರಿನ ವೀಸಾ, ಎಲ್ಲ ಸಿದ್ಧವಾಗಿದೆ. ಇಲ್ಲದ್ದು ಒಂದೇ. ಅಲ್ಲಿ ವಾಸವಿರುವವರು ಕರೆದರೆ ಮಾತ್ರ ಹೊರಗಿನವರು ಕಾಲಿಡಬಹುದು. ‘ಕರೆಸಿಕೊಳ್ಳುವವರ ಸಹಿ’ ಎಂಬಲ್ಲಿ ನೀನು ಸಹಿ ಹಾಕಿ, ನಿಮ್ಮ ಆಡಳಿತಾಧಿಕಾರಿಯ ಮೊಹರು ಒತ್ತಿಸಿ, ಈ ತಿಂಗಳ ಇಪ್ಪತ್ತೈದರೊಳಗೆ ಕಳಿಸಬೇಕು. ಈ ಕಾಗದವನ್ನು ಎಂದಿನಂತೆ ಸ್ಕ್ಯಾನ್ ಮಾಡಿ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ, ಅದರ ಜೊತೆಗೇ ಆ ಪುಟವೂ ಬರುತ್ತದೆ. ಆ ಪುಟದಲ್ಲಿ ಉಳಿದದ್ದೆಲ್ಲ ನಾನೇ ತುಂಬಿದ್ದೇನೆ.

ನಿನಗೆಷ್ಟು ನೋವಾಗಿದೆ ಎಂದು ನನಗೆ ಗೊತ್ತು ಕಣೋ. ಅಮ್ಮನ ಮುಖ ಕಾಣದೆ ಅಲ್ಲಿ ಒಬ್ಬನೇ ಕೂತು ಅತ್ತವನಿಗೆ ಸಮಾಧಾನದ ಬದಲು ಆ ಮಾತು ಸಿಕ್ಕಿತು. ಮನಸ್ಸಿಲ್ಲದಿದ್ದರೆ ಸಹಿ ಹಾಕಬೇಡ, ನಾನೇನೂ ಅನ್ನುವುದಿಲ್ಲ. ಅಲ್ಲ, ಅನ್ನುತ್ತೇನೆ. ಚೆನ್ನಾಗಿ ಬೈಯುತ್ತೇನೆ. ನೀವಿಬ್ಬರೂ ಒಂದೇ ಎರಕದವರು, ನಡುವೆ ಸಿಕ್ಕಿ ನನಗೆ ಸಾಕಾಗಿದೆ.

ಮೈ ಬೆಚ್ಚಗಿಟ್ಟುಕೋ. ಆ ದಾದಿಯಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಬೆರಳು ಉಳಿಸಿಕೊಟ್ಟ ಪುಣ್ಯಾತ್ಗಿತ್ತಿ. ನೂರು ಕಾಲ ಸುಖವಾಗಿ ಬಾಳಪ್ಪಾ.

ಇತಿ ನಿನ್ನ
ಅಕ್ಕ

ಮರೆತ ಮಾತು: ಅಂಗಡಿ ಬಾಗಿಲು ಹಾಕುವಷ್ಟರಲ್ಲಿ ಅಪ್ಪ ಬಂದರು, ತಮ್ಮ ಅರ್ಜಿಯನ್ನು ತಾವೇ ತುಂಬಿ ತಂದಿದ್ದಾರೆ! ‘ಪ್ರಯಾಣದ ಉದ್ದೇಶ’ ಎಂಬಲ್ಲಿ ಸಂಶೋಧನೆ, ಕೆಲಸ, ಕುಟುಂಬದ ಭೇಟಿ ಎಂದು ಮೂರು ಚೌಕಗಳಿವೆ, ಒಂದಕ್ಕೆ ಗುರುತು ಹಾಕಿದರೆ ಸಾಕು. ಅಪ್ಪ ಮೂರನ್ನೂ ಬಿಟ್ಟು ಅಂಚಿನಲ್ಲಿ ಶಾಯಿಯಿಂದ ಬರೆದಿದ್ದಾರೆ: ‘ಮಗನಿಗೆ ಆಡಬಾರದ ಮಾತು ಆಡಿದ್ದೇನೆ. ಅವನೆದುರು ನಿಂತು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು.’ ಹೀಗೆ ಬರೆದರೆ ಕಚೇರಿಯಲ್ಲಿ ತೆಗೆದುಕೊಳ್ಳುವುದಿಲ್ಲಪ್ಪಾ ಎಂದರೆ, ‘ಉದ್ದೇಶ ಕೇಳಿದ್ರು, ಇದ್ದದ್ದು ಬರೆದೆ’ ಎನ್ನುತ್ತಾರೆ. ಕಚೇರಿಗೆ ಬೇರೆ ಫಾರಂ ತುಂಬುತ್ತೇನೆ. ಇದನ್ನು ನಿನಗೇ ಕಳಿಸುತ್ತಿದ್ದೇನೆ. ಬೇಗ ಸಹಿ ಹಾಕೋ.