ಹೊಗೆಯ ವಾಸನೆ

ಅಮ್ಮಾ,

ಇವತ್ತು ನಮ್ಮ ಕುಲದವರೆಲ್ಲ ಸೇರುವ ಮರಾಯೆಯ ಅಂಗಳದಲ್ಲಿ, ಕಾದ ಕಲ್ಲುಗಳ ಮೇಲೆ ಅಡುಗೆ ಹೂತಿಟ್ಟ ಹಾಂಗಿ ಗುಂಡಿ ತೆರೆದರು. ಬಿಸಿ ಮಣ್ಣಿನಡಿ ಬೆಂದ ಗೆಣಸಿನ ಅದೇ ಘಮ. "ಬನ್ರೇ, ಹೊಟ್ಟೆ ಇಲ್ಲದ ಹೊಟ್ಟೆಬಾಕರೇ!" ಎಂದು ನಿನ್ನ ತಂಗಿ ಮೆರಿಯಾನ ಕೂಗಿದಳು.

ನಮ್ಮನ್ನು ಹಿಡಿದದ್ದು ನೀನು ನಂಬಿದ್ದ ಶಾಪವಲ್ಲವಂತೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಜೀನ್ ನಮ್ಮ ವಂಶದಲ್ಲಿ ಕೆಟ್ಟಿದೆ. ಅದಕ್ಕೇ ನಿನ್ನನ್ನು ಒಯ್ದ ಹೊಟ್ಟೆಯ ಕ್ಯಾನ್ಸರ್ ನಮಗೂ ಬರುವ ಮೊದಲೇ ಜಠರ ತೆಗೆಸಿಕೊಂಡು, ಈಗ ಚಹಾ ತಟ್ಟೆಯಲ್ಲಿ ಹಿಡಿಯುವಷ್ಟೇ ಉಣ್ಣುತ್ತೇವೆ.

ನೀನು ನನಗೆಂದು ಎತ್ತಿಡುತ್ತಿದ್ದಂಥ, ಕಲ್ಲಿಗೆ ತಾಗಿ ತಳ ಸೀದ ಗೆಣಸು ಸಿಕ್ಕಿತು. ಮೈಮರೆತು ಅದನ್ನು ಪೂರ್ವಜರ ಮನೆಯಲ್ಲಿ ತೂಗುಹಾಕಿರುವ ನಿನ್ನ ಪಟದ ಬಳಿ ಒಯ್ಯಹೊರಟೆ.

"ಪೂರ್ವಜರ ಮನೆಯೊಳಗೆ ಊಟ ತರಬಾರದು ಅಂತ ಗೊತ್ತಿಲ್ವೇನೇ, ಹುಚ್ಚಿ!" ಎಂದು ಮೆರಿಯಾನ ಗದರಿದಳು.

ಕೈ ತೊಳೆದು ಒಳಗೆ ಹೋಗಿ, ನಮ್ಮವರು ಭೇಟಿಯಾದಾಗ ಮಾಡುವಂತೆ ನಿನ್ನ ಪಟದ ಗಾಜಿಗೆ ಹಣೆ, ಮೂಗು ಒತ್ತಿದೆ. ಕೂದಲಲ್ಲಿದ್ದ ಹೊಗೆಯ ವಾಸನೆಯನ್ನು ಮಾತ್ರ ಯಾರೂ ತಡೆಯಲಿಲ್ಲ.