ಕ್ಲಚ್ ಕವರಿಗೆ ಏಳು ಸಲ ಬಣ್ಣ

ಜುಲೈ ೧೪, ಭಾನುವಾರ

ಮೈ ಡಿಯರ್ ಸ್ಪಾನರ್,

ಆಶೀರ್ವಾದಗಳು. ನಾನು ಇದ್ದೇನೆ. ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕಾಲೇಜಿನಲ್ಲಿ ನಮಗೆ ಕಾಗದವನ್ನು "ಹೋಪಿಂಗ್ ದಿಸ್ ಫೈಂಡ್ಸ್ ಯು ಇನ್" ಅಂತ ಶುರುಮಾಡಿಸುತ್ತಿದ್ದರು. ಇನ್ ಆದ ಮೇಲೆ ಏನು ಅನ್ನುವುದು ಮರೆತುಹೋಗಿದೆ. ಯಾವುದರಲ್ಲಾದರೂ ಸರಿ, ಒಳ್ಳೆಯದರಲ್ಲೇ ಇರು.

ನಿನ್ನ ಮೂರು ಕಾಗದಗಳೂ ಬಂದಿವೆ. ಮೂರಕ್ಕೂ ಸೇರಿಸಿ ಇದೊಂದೇ ಉತ್ತರ. ತಡವಾಯಿತು, ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನೆತ್ತಿದರೆ ನೀನು ನಗಿಸುತ್ತೀಯ. ಹೋದ ತಿಂಗಳು, "ಏನ್ ಭಾವ, ಕವರಿಗೆ ಬಣ್ಣ ಹೊಡೀತಿದೀರೋ, ಇಲ್ಲಾ ಅದರ ಮೇಲೆ ಕೂತು ಕಾವು ಕೊಡ್ತಿದೀರೋ?" ಅಂದೆ. "ಮರಿ ಆದ್ಮೇಲೆ ತಿಳಿಸ್ತೀನಪ್ಪಾ" ಅಂದು ನಾನೂ ನಕ್ಕೆ. ಫೋನ್ ಇಟ್ಟು ನೋಡಿದರೆ ಹೇಳಬೇಕಾದದ್ದು ಬಾಯಲ್ಲೇ ಉಳಿದಿತ್ತು. ಅದಕ್ಕೇ ಈ ಕಾಗದ. ಅಂದಹಾಗೆ, ನಿನ್ನ ಅಕ್ಕ ಇಟ್ಟ ಈ ಸ್ಪಾನರ್ ಅನ್ನುವ ಹೆಸರಿನಿಂದ ನಿನ್ನನ್ನು ಕರೆಯುವವನು ಈಗ ನಾನೊಬ್ಬನೇ. ನಾಲ್ಕು ವರ್ಷದ ನೀನು ದಿಂಬಿನ ಕೆಳಗೆ ಸ್ಪಾನರ್ ಇಟ್ಟುಕೊಳ್ಳದೆ ಮಲಗುತ್ತಿರಲಿಲ್ಲವಂತೆ. ಮದುವೆಯಾದ ಹೊಸದರಲ್ಲಿ ಅವಳು ನನಗೆ ಹೇಳಿದ ಮೊದಲ ತವರಿನ ಕಥೆ ಅದು.

ಮೊದಲು ಸುದ್ದಿ. ಈ ಕಾಗದದ ಜೊತೆ ಬಂದಿರುವ ಪೆಟ್ಟಿಗೆಯನ್ನು ಹುಷಾರಾಗಿ ಬಿಚ್ಚು. ಟವೆಲಿನಲ್ಲಿ ಸುತ್ತಿರುವುದು ಬೈಕಿನ ಎಂಜಿನ್ನಿನ ಮ್ಯಾಗ್ನೆಟ್ ಕಡೆಯ ಕವರ್. ಅದಕ್ಕೆ ಬಣ್ಣ ಹೊಡೆದದ್ದು ನಿನ್ನ ಅಕ್ಕನೇ, ಹೋಗುವುದಕ್ಕೆ ನಾಲ್ಕು ದಿನ ಮುಂಚೆ. ನಾನು ಅದನ್ನು ಒರೆಸಿ ಕೂಡ ಇಲ್ಲ, ಧೂಳನ್ನು ಬಾಯಿಂದ ಊದಿ ತೆಗೆದಿದ್ದೇನೆ. ಪೇಪರಿನಲ್ಲಿ ಸುತ್ತಿರುವುದು ಕ್ಲಚ್ ಕಡೆಯದು. ನೋಡಿ ಗಾಬರಿಯಾಗಬೇಡ, ಅದಕ್ಕೆ ಬಣ್ಣವಿಲ್ಲ, ಬರೀ ಲೋಹ. ಬೇರೆ ಯಾರ ಕೈಲಾದರೂ ಹೊಡೆಸು. ಐ ರಿಗ್ರೆಟ್ ಟು ಇನ್‌ಫಾರ್ಮ್, ಐ ಆಮ್ ಅನೇಬಲ್ ಟು ಡು ದಿ ನೀಡ್‌ಫುಲ್. ಕಚೇರಿಯಲ್ಲಿ ಇಂಥ ಸಾಲುಗಳನ್ನು ದಿನಕ್ಕೆ ಹತ್ತು ಸಲ ಟೈಪ್ ಮಾಡುತ್ತಿದ್ದೆ. ಇವತ್ತು ಇದೊಂದಕ್ಕೆ ಮೂರು ಹಾಳೆ ಹರಿದೆ.

ಇದು ನಿನಗೆ ಬರೀ ಕವರಲ್ಲ, ನನಗೆ ಗೊತ್ತು. ನಿಮ್ಮಪ್ಪನ ಗಾಡಿ. ಹದಿನೆಂಟು ವರ್ಷ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದನ್ನು ನೀನು ನಟ್ಟು ನಟ್ಟು ಬಿಚ್ಚಿ ಜೋಡಿಸಿದೆ. ಎಂಜಿನ್ನಿನ ಎರಡು ಕವರ್ ಮಾತ್ರ ಅಕ್ಕನ ಕೈಯಲ್ಲೇ ಬಣ್ಣವಾಗಬೇಕು ಅಂತ ಇಲ್ಲಿಗೆ ಕಳಿಸಿದೆ. ಅವಳು ಹೋದ ಮೇಲೆ, "ಅವಸರ ಇಲ್ಲ ಭಾವ, ಇನ್ನೊಂದನ್ನ ನೀವು ಮಾಡಿ. ನಿಮ್ಮಿಬ್ಬರ ಕೈ ಬೀಳದೆ ನಾನು ಗಾಡೀನ ರಸ್ತೆಗೆ ಇಳಿಸಲ್ಲ" ಅಂತ ಬರೆದೆ. ಎಂಟು ತಿಂಗಳಿಂದ ಗಾಡಿ ಹೊಟ್ಟೆ ತೆರೆದುಕೊಂಡು ನಿಂತಿದೆ. ಆ ಮಾತನ್ನು ವಾಪಸು ತೆಗೆದುಕೋ ಅಂತ ಕೇಳುವುದಕ್ಕೇ ನನ್ನ ಇಷ್ಟೆಲ್ಲ ಪೀಠಿಕೆ.

ನಿನ್ನದು ವರ್ಕ್‌ಶಾಪ್, ಸ್ಪ್ರೇ ಗನ್ನು, ಕಂಪ್ರೆಸರು. ನಮ್ಮದು ಪರಿಚಯದವರ ಬೈಕಿನ ಬಿಡಿಭಾಗಗಳಿಗೆ ಮನೆಯಲ್ಲೇ ಬಣ್ಣ ಹೊಡೆಯುವ ಕೆಲಸ. ಸ್ಪ್ರೇ ಡಬ್ಬಿ, ಹಿಂದಿನ ಓಣಿಯಲ್ಲಿ ಬಟ್ಟೆ ಒಣಹಾಕುವ ತಂತಿ, ಎರಡೂ ಕಡೆ ಗಾಳಿಗೆ ಅಡ್ಡವಾಗಿ ಹಳೇ ಬೆಡ್‌ಶೀಟು, ಧೂಳು ಏಳದಿರಲೆಂದು ನೆಲಕ್ಕೆ ಒಂದು ಬಕೆಟ್ ನೀರು. ಬಣ್ಣವನ್ನು ಕಾಯಿಸಿ ಗಟ್ಟಿ ಮಾಡುವುದಕ್ಕೆ, ಮುಚ್ಚಿಹೋದ ಬೇಕರಿಯಿಂದ ತಂದ ಓವನ್. ಅದಕ್ಕಿಂತ ಮುಂಚೆ ನಾನು ಜಾಣತನ ಮಾಡಿ ಅಡುಗೆಮನೆಯ ಓವನಿನಲ್ಲೇ ಒಂದು ಕವರ್ ಬೇಯಿಸಿದ್ದೆ. ವಾರವಿಡೀ ಮನೆಯ ಬ್ರೆಡ್ಡೆಲ್ಲ ಗ್ಯಾರೇಜ್ ವಾಸನೆ. "ಎಂಜಿನ್ನಿಗೆ ಅಡುಗೆಮನೆ ಬಿಟ್ಕೊಟ್ಟು ನಾನೇನು ರಸ್ತೇಲಿ ಒಲೆ ಹಚ್ಚಲಾ?" ಅಂತ ಅವಳು ಕೇಳಿದ್ದು ಓಣಿಯವರಿಗೆಲ್ಲ ಕೇಳಿಸಿತ್ತು.

ಹಳೇ ಬಣ್ಣಕ್ಕೆ ರಿಮೂವರ್ ಬಳಿದು, ಗುಳ್ಳೆ ಎದ್ದ ಮೇಲೆ ಕೆರೆಯುವುದು ನನ್ನ ಪಾಲು. ಸ್ಕ್ರೂ ತೂತುಗಳಲ್ಲಿ ಅವಿತ ಎಣ್ಣೆಯನ್ನು ಹೊರಗೆ ತೆಗೆಯುವುದು, ಎಮರಿ ಕಾಗದದಲ್ಲಿ ಉಜ್ಜುವುದು, ಗ್ಯಾಸ್ಕೆಟ್ ಕೂರುವ ಅಂಚಿಗೆ ಟೇಪ್ ಅಂಟಿಸಿ ಬ್ಲೇಡಿನಲ್ಲಿ ಕತ್ತರಿಸುವುದು, ಅದೂ ನನ್ನದೇ. ಡಬ್ಬಿ ಹಿಡಿಯುವುದು ಅವಳದು. ನಿಮ್ಮಪ್ಪ ಬಸ್ಸುಗಳಿಗೆ ಬಣ್ಣ ಹೊಡೆಯುವುದನ್ನು ನೋಡಿ ಬೆಳೆದ ಕೈ ಅದು. ಒಂದು ದಿನ ನಾನು ಎಕನಾಮಿಕ್ಸ್ ನೆನಪಿಸಿಕೊಂಡು, "ದಿಸ್ ಈಸ್ ಕಾಲ್ಡ್ ಡಿವಿಷನ್ ಆಫ್ ಲೇಬರ್" ಅಂದೆ. "ಹೂಂ, ಲೇಬರ್ ನೀವು, ಡಿವಿಷನ್ ನಾನ್ ಮಾಡ್ತೀನಿ" ಅಂದಳು. ನಾನು ರಿಟೈರ್ ಆದಂದಿನಿಂದ, ಹನ್ನೆರಡು ವರ್ಷ, ಹಾಗೇ ನಡೆಯಿತು.

ಈಗ ಡಬ್ಬಿಯೂ ನನ್ನ ಕೈಯಲ್ಲೇ. ಪ್ರೈಮರ್ ಹೊಡೆಯುತ್ತೇನೆ, ಚೆನ್ನಾಗಿ ಬರುತ್ತದೆ. ತೆಳು ಕೋಟ್ ಹೊಡೆಯುತ್ತೇನೆ, ಅದೂ ಬರುತ್ತದೆ. ಕೊನೆಯ ಕೋಟ್ ಮಾತ್ರ ತುಸು ದಪ್ಪಗೆ, ಒದ್ದೆಯಾಗಿ ಬೀಳಬೇಕು ನೋಡು. ಒಂದು ಅಂಚಿನಿಂದ ಹೊರಟರೆ ಇನ್ನೊಂದು ಅಂಚು ಮುಟ್ಟುವವರೆಗೆ ನಿಲ್ಲಬಾರದು. ನಡುವೆ ಬಿಟ್ಟರೆ ಮೊದಲು ಬಿದ್ದದ್ದು ಒಣಗಿಕೊಂಡು, ಆಮೇಲೆ ಬಿದ್ದದ್ದರ ಜೊತೆ ಬೆರೆಯದೆ ಗೆರೆ ಕೂರುತ್ತದೆ. ನನ್ನ ಕೈ ಅರ್ಧಕ್ಕೆ ಬಂದ ಕೂಡಲೇ ನಿಲ್ಲುತ್ತದೆ. ಡಬ್ಬಿ ಕೆಳಗಿಟ್ಟು ನಡುಕೋಣೆಗೆ ಹೋಗಿ ನೋಡುತ್ತೇನೆ. ಮಂಚ, ಕಿಟಕಿ, ಕುರ್ಚಿ. ವಾಪಸು ಬರುವಷ್ಟರಲ್ಲಿ ಬಣ್ಣ ಒಣಗತೊಡಗಿರುತ್ತದೆ. ಉಳಿದರ್ಧ ಹೊಡೆಯುತ್ತೇನೆ, ಗೆರೆ ಬೀಳುತ್ತದೆ, ಮತ್ತೆ ರಿಮೂವರ್. ಹೀಗೆ ಆರು ಸಲ. ಅದಕ್ಕೂ ಮುಂಚಿನದೊಂದು ಸೇರಿಸಿದರೆ ಏಳು.

ಪೇಂಟ್ ಅಂಗಡಿಯವನು ಹೋದ ವಾರ ಮುಖ ನೋಡಿದ. "ಯಜಮಾನ್ರೇ, ಇದು ಬೈಕೋ, ಬಸ್ಸೋ? ಒಂದು ಕವರಿಗೆ ಯಾರೂ ಇಷ್ಟೊಂದು ರಿಮೂವರ್ ಒಯ್ಯಲ್ಲ." ನಾನು, "ಇಟ್ ಈಸ್ ಎ ಸ್ಪೆಷಲ್ ಕೇಸ್" ಅಂದೆ. "ಕೇಸೇ ಸರಿ ಬಿಡಿ" ಅಂದು ಡಬ್ಬಿ ಕಟ್ಟಿಕೊಟ್ಟ.

ಮೇಲ್ಮನೆಯ ಟೈಲರಮ್ಮ ನಿನಗೆ ನೆನಪಿರಬೇಕು, ನಿನ್ನ ಅಕ್ಕನ ಜೊತೆ ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದವಳು. ಮೊನ್ನೆ ಗುರುವಾರ ನಾನು ಓಣಿಯಲ್ಲಿ ಕೂತು ಏಳನೆಯ ಬಣ್ಣ ಕೆರೆಯುತ್ತಿದ್ದಾಗ ಕೆಳಗಿಳಿದು ಬಂದಳು. ಮೂಗಿಗೆ ಸೆರಗು.

"ಅಣ್ಣಾ, ನಿಮ್ಮ ಥಿನ್ನರ್ ವಾಸನೆಗೆ ನನ್ನ ಮಿಷನ್ನಿಗೇ ತಲೆ ಸುತ್ತು ಬರ್ತಿದೆ. ಕೊಟ್ಟ ಬ್ಲೌಸೆಲ್ಲ ಸೊಟ್ಟ ಹೊಲೀತಿದೆ."

"ಮಿಷನ್ನಿನ ಮೇಲೆ ಹಾಕ್ಬೇಡ. ನೀನು ಮೊದಲಿಂದ್ಲೂ ಸೊಟ್ಟವೇ ಹೊಲಿಯೋದು."

ಅವಳು ನಗಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತು, ನಾನು ಕೆರೆಯುವುದನ್ನೇ ನೋಡಿದಳು. "ಹಳೇ ಬಣ್ಣ ಆಗಿದ್ರೆ ಸರಿ. ಹೊಸದನ್ನೇ ಕೆರೀತಿದೀರಲ್ಲಣ್ಣ?"

"ಗೆರೆ ಬಿತ್ತು."

"ಎಲ್ಲಿ? ನನ್ನ ಕಣ್ಣಿಗೇನೂ ಕಾಣಲ್ಲ."

"ಬಿಸಿಲಿಗೆ ಹಿಡಿದ್ರೆ ಕಾಣುತ್ತೆ."

"ಬಿಸಿಲಿಗೆ ಹಿಡಿದ್ರೆ ನಾನು ಹೊಲಿದಿದ್ದೂ ಒಂದೂ ಉಳಿಯಲ್ಲ." ಕವರಿನತ್ತ ಬೆರಳು ತೋರಿಸಿ, "ಮೊದಲನೇ ಸಲದ್ದು ಕನ್ನಡಿ ಇದ್ದ ಹಾಗಿತ್ತು. ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ ನಾನೇ ನೋಡಿದ್ದೆ. ಅದನ್ಯಾಕೆ ತೆಗೆದ್ರಿ?" ಅಂದಳು.

ನಾನು ಕೆರೆಯುತ್ತಲೇ ಇದ್ದೆ. ಅವಳು ನನ್ನ ಕೈಯಿಂದ ಕೆರೆಯುವ ಪಟ್ಟಿಯನ್ನು ಮೆಲ್ಲಗೆ ತೆಗೆದುಕೊಂಡು ನೆಲದ ಮೇಲಿಟ್ಟಳು. "ಹೊಲಿಗೆ ತಪ್ಪಿದ್ರೆ ನಾನೂ ಬಿಚ್ತೀನಣ್ಣ. ಎರಡು ಸಲ. ಆಮೇಲೆ ಬಟ್ಟೇನೇ ಉಳಿಯಲ್ಲ. ಆ ಹುಡುಗನ ಸಾಮಾನು ಆ ಹುಡುಗನಿಗೆ ಕಳ್ಸಿಬಿಡಿ." ಐವತ್ತೆರಡು ವರ್ಷದ ನೀನು ಅವಳ ಬಾಯಲ್ಲಿ ಇನ್ನೂ ಹುಡುಗನೇ.

ಅವಳು ಹೇಳಿದ್ದು ಸರಿ. ಏಳು ಸಲ ಉಜ್ಜಿ ಉಜ್ಜಿ ಕವರಿನ ಮೇಲಿನ ಉಬ್ಬು ಅಕ್ಷರಗಳ ಮೂಲೆಗಳೆಲ್ಲ ಮೊಂಡಾಗಿವೆ. ನೀನು ಬೆರಳಾಡಿಸಿದರೆ ಗೊತ್ತಾಗುತ್ತದೆ. ಇನ್ನೊಂದೆರಡು ಸಲ ಉಜ್ಜಿದರೆ ನಿಮ್ಮಪ್ಪನ ಗಾಡಿಯ ಹೆಸರೇ ಇರುವುದಿಲ್ಲ. ಅದಕ್ಕೆ ಸೋತೆ ಅಂತ ಒಪ್ಪಿಕೊಂಡು ಕಳಿಸುತ್ತಿದ್ದೇನೆ. ಯಾರು ಹೊಡೆಯುತ್ತಾರೋ ಅವರಿಗೆ ಹೇಳು: ಕೆಳಗಿನ ಎರಡು ಸ್ಕ್ರೂ ತೂತಿನಲ್ಲಿ ಎಣ್ಣೆ ಜಿನುಗುತ್ತದೆ, ಮೊದಲು ಒಮ್ಮೆ ಬಿಸಿ ಮಾಡಿ ಒರೆಸಲಿ. ಸ್ಪ್ರೇ ಡಬ್ಬಿಯಾದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಲಿ. ಬಣ್ಣ ಅದೇ ಅಂಗಡಿಯ ಅದೇ ಬೆಳ್ಳಿ ಬಣ್ಣವಿರಲಿ, ಇಲ್ಲದಿದ್ದರೆ ಎರಡು ಕವರ್ ಅಕ್ಕಪಕ್ಕದವರ ಮಕ್ಕಳ ಹಾಗೆ ಕಾಣುತ್ತವೆ. ಒಂದು ಡಬ್ಬಿ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ, ತೆರೆದಿಲ್ಲ.

ಇನ್ನೇನು ಬರೆಯಲಿ? ಬೆಳಿಗ್ಗೆ ಹೊತ್ತು ಹೇಗೋ ಹೋಗುತ್ತದೆ. ಮಧ್ಯಾಹ್ನ ಕಷ್ಟ. ಊಟ ಮಾಡುವಾಗ ಮಾತಾಡದೆ ನುಂಗಿ ಅಭ್ಯಾಸವಿಲ್ಲ ನನಗೆ. ನನ್ನ ಮಾತು ಉದ್ದವಾದಾಗ ಅವಳು ತಟ್ಟೆಯಿಂದ ತಲೆ ಎತ್ತದೆ, "ಫುಲ್‌ಸ್ಟಾಪ್" ಅನ್ನುತ್ತಿದ್ದಳು. ಅವಳಿಗೆ ಬರುತ್ತಿದ್ದ ನಾಲ್ಕೇ ಇಂಗ್ಲಿಷ್ ಪದಗಳಲ್ಲಿ ಅದೊಂದು. ಈಗ ಹೇಳುವವರಿಲ್ಲದೆ ಮಾತು ಎಲ್ಲಿ ಮುಗಿಯಿತು ಅನ್ನುವುದೇ ತಿಳಿಯುವುದಿಲ್ಲ, ಈ ಕಾಗದದ ಹಾಗೆ.

ನಿನ್ನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ. ನಿನ್ನ ಹೆಂಡತಿಗೆ ನಾನು ಕೇಳಿದೆ ಅಂತ ಹೇಳು. ಗಾಡಿ ಎದ್ದು ನಿಂತ ದಿನ ಮೊದಲು ಅವಳನ್ನೇ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಾ. ನಿನ್ನ ಕೈಗೆ ಕೆಲಸವೂ ಕೆಲಸಕ್ಕೆ ಮರ್ಯಾದೆಯೂ ತಪ್ಪದಿರಲಿ. ನೀನು ನೂರು ಕಾಲ ಬಾಳು.

ಯುವರ್ಸ್ ಅಫೆಕ್ಷನೇಟ್ಲಿ,
ನಿನ್ನ ಭಾವ

ಪಿ.ಎಸ್. — ಲಕೋಟೆ ಅಂಟಿಸಿಬಿಟ್ಟಿದ್ದೆ. ಹರಿದು ಬರೆಯುತ್ತಿದ್ದೇನೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಭುಜ ಹಿಡಿದು, "ಭಾವ, ಅಕ್ಕ ಕೂಗ್ಲಿಲ್ವಾ?" ಅಂತ ಕೇಳಿದೆ. "ಇಲ್ಲಪ್ಪ, ಮಲಗಿದ್ದ ಹಾಗೇ ಹೋಗಿಬಿಟ್ಲು" ಅಂದೆ. ನಾನು ಹೇಳಿದ್ದು ಸುಳ್ಳು. ಅವತ್ತು ಬೆಳಿಗ್ಗೆಯಿಂದ ಅವಳಿಗೆ ಎಡಗೈ ಸೋಲುತ್ತಿತ್ತು. "ಇವತ್ತು ಕೊನೇ ಕೋಟ್ ನೀವೇ ಹೊಡೀರಿ" ಅಂದು ಡಬ್ಬಿ ಕೊಟ್ಟು ನಡುಕೋಣೆಗೆ ಹೋಗಿ ಮಲಗಿದಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು ನನಗೆ ಡಬ್ಬಿ ಕೊಟ್ಟದ್ದು. ಕೈ ಯಾಕೆ ಸೋಲುತ್ತಿದೆ ಅಂತ ಕೇಳುವುದಕ್ಕೂ ನನಗೆ ಹೊಳೆಯಲಿಲ್ಲ, ಅಷ್ಟು ಸಂತೋಷ. ಅರ್ಧ ಕವರ್ ಆಗಿತ್ತು. ಒಳಗಿನಿಂದ, "ರೀ, ಸ್ವಲ್ಪ ಬರ್ತೀರಾ?" ಅಂದಳು. "ಅರ್ಧದಲ್ಲಿದೀನಿ ಕಣೇ, ಈಗ ನಿಲ್ಲಿಸಿದ್ರೆ ಗೆರೆ ಬೀಳುತ್ತೆ" ಅಂದೆ. "ಹಾಗಿದ್ರೆ ನಿಲ್ಲಿಸ್ಬೇಡಿ" ಅಂದಳು. ನಾನು ನಿಲ್ಲಿಸಲಿಲ್ಲ. ಆ ಕಡೆಯ ಅಂಚಿನವರೆಗೂ ಹೊಡೆದೆ. ಒಂದು ಗೆರೆಯಿಲ್ಲ, ಇಳಿದ ಒಂದು ಹನಿಯಿಲ್ಲ. ಅವಳಿಗೆ ತೋರಿಸಬೇಕು ಅನ್ನಿಸಿತು. ಕವರನ್ನು ತಂತಿ ಸಮೇತ ಬಿಚ್ಚಿಕೊಂಡು, ಹಸಿ ಬಣ್ಣ ಬಾಗಿಲಿಗೆ ತಾಗದ ಹಾಗೆ ಎತ್ತಿ ಹಿಡಿದು, ನಿಧಾನವಾಗಿ ಒಳಗೆ ನಡೆದೆ.