ಟೇಪು ಮೂಗಿಗೆ ತಾಗುವ ತನಕ

ಮಾರ್ಚ್ 3, ಬೆಳಿಗ್ಗೆ

ಇಸ್ತ್ರಿ ಪೆಟ್ಟಿಗೆಯ ವೈರು ಮೇಜಿನ ಹಿಂದಕ್ಕೆ. ಕತ್ತರಿ ಎರಡೂ ಮೊಳೆಗೆ. ಗುಂಡುಪಿನ್ನಿನ ಡಬ್ಬಿ ಕಪಾಟಿನ ಮೇಲೆ. ಬಾತ್‌ರೂಮಿನ ಬಕೆಟ್ ಬೋರಲು — ಅಂಗೈಯಷ್ಟು ನೀರೂ ನಿಲ್ಲಕೂಡದು ಎಂದು ಮಗಳ ಕಟ್ಟಪ್ಪಣೆ. ನರ್ಸು ಅವಳು. ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತಾಳೆ, ಎದುರಾಡುವ ಹಾಗಿಲ್ಲ. ಅವಳು ಡ್ಯೂಟಿಗೆ ಹೊರಟರೆ ಮೊಮ್ಮಗಳು ನನ್ನ ಪಾಲು. ಅಳಿಯ ಲಾರಿಯ ಮೇಲೆ, ಬಂದಾಗ ಬಂದ.

ಮಗುವಿಗೆ ಇನ್ನೂ ನಾಲ್ಕು ತುಂಬಿಲ್ಲ. ಅಂಗಿಯ ಗುಂಡಿಯ ಹಾಗೆ ದುಂಡಗಿದ್ದಾಳೆಂದು ಗುಂಡಿ ಎಂದೇ ಕರೆಯುತ್ತೇನೆ. ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ವಯಸ್ಸು. ಹೊಲಿಗೆಯ ಮನೆಯಲ್ಲಿ ಚುಚ್ಚುವುದು, ಸುಡುವುದು, ಕತ್ತರಿಸುವುದು ಬಿಟ್ಟರೆ ಬೇರೆ ಏನಿದೆ... ಅದಕ್ಕೇ ಗೊಂಬೆ ಆಟ ಕಲಿಸಿದೆ. ನಾನು "ಗೊಂಬೆ" ಎಂದರೆ ನಿಂತಲ್ಲೇ ನಿಲ್ಲಬೇಕು. ಕದಲಕೂಡದು, ಪಿಟ್ಟೆನ್ನಕೂಡದು. ನನ್ನ ಕೊರಳಿನ ಟೇಪಿನ ತುದಿಯನ್ನು ಮೂಗಿಗೆ ತಾಗಿಸಿದರೆ ಬಿಡುಗಡೆ.

ಎಷ್ಟು ಚೆನ್ನಾಗಿ ಕಲಿತಳೆಂದರೆ! ಗಿರಾಕಿಗಳು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ಮಗಳಿಗೂ ಆಶ್ಚರ್ಯ.

"ನನ್ನ ಹತ್ರ ಒಂದು ಗಳಿಗೆ ಸುಮ್ನಿರಲ್ಲ. ನಿನ್ನ ಹತ್ರ ಹೇಗಪ್ಪಾ ಇಷ್ಟು ಸಾಧು?"

"ಅಳತೆ ಗೊತ್ತಿರ್ಬೇಕಮ್ಮಾ" ಎಂದೆ. ಆಟದ ವಿಷಯ ಹೇಳಲಿಲ್ಲ. ಕಸುಬಿನ ಗುಟ್ಟು.

ಮಾರ್ಚ್ 6

ಇವತ್ತು ಎಟುಕಿಸಿಕೊಂಡಳು. ಬಾತ್‌ರೂಮಿನ ಒಳಚಿಲಕ. ತುದಿಗಾಲಲ್ಲಿ ನಿಂತು ಸರಕ್ಕನೆ ಎಳೆದೇಬಿಟ್ಟಳು. ಬಾಗಿಲು ತೆರೆದಿತ್ತು, ಪುಣ್ಯ.

ಚಿಲಕ ಬಿಚ್ಚಲು ಹೋದೆ. ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಜಪ್ಪಯ್ಯ ಎನ್ನುವುದಿಲ್ಲ. ಕಾರ್ಪೆಂಟರನಿಗೆ ಫೋನ್ ಮಾಡಿದರೆ, "ನಾಳೆ ಬರ್ತೀನಿ ಯಜಮಾನ್ರೇ." ಅವನ "ನಾಳೆ" ನನ್ನ "ಸಂಜೆಗೆ ಬನ್ನಿ, ರೆಡಿ ಇರುತ್ತೆ" ಇದ್ದ ಹಾಗೆ. ಬೈಯಲು ನನಗೆ ಬಾಯಿಲ್ಲ.

ಸದ್ಯಕ್ಕೆ ಲೈನಿಂಗ್ ಬಟ್ಟೆಯ ದಪ್ಪ ಪಟ್ಟಿಯೊಂದನ್ನು ಬಾಗಿಲಿನ ಅಂಚು ಬಳಸಿ ಎರಡೂ ಕಡೆಯ ಹಿಡಿಗೆ ಸುತ್ತಿ ಕಟ್ಟಿದ್ದೇನೆ. ಅದಿರುವ ತನಕ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಮಾರ್ಚ್ 11, ಸಂಜೆ

ಸೂಜಿಗೆ ದಾರ ಹೋಗುತ್ತಿಲ್ಲ. ಅದಕ್ಕೇ ಪೆನ್ನು ಹಿಡಿದೆ.

ಬಟ್ಟೆ ಅಂಗಡಿಗೆ ಹೋಗಿದ್ದೆವು. ಜಿಪ್ಪು, ದಾರ, ಕೋಟಿನ ಲೈನಿಂಗ್ ಬೇಕಿತ್ತು. ದೊಡ್ಡ ಅಂಗಡಿ, ಎರಡು ಬಾಗಿಲು, ಎಲ್ಲಿ ನೋಡಿದರೂ ಒಂದೇ ಥರದ ಕಂಬ. ಜನ ಗಿಜಿಗಿಜಿ. ಲೈನಿಂಗ್ ಕೌಂಟರಿನಲ್ಲಿ ನೂಕುನುಗ್ಗಲು. ಮಗುವನ್ನು ಕಾಲ್ತುಳಿತಕ್ಕೆ ಎಳೆದೊಯ್ಯುವುದು ಬೇಡವೆಂದು ಕಂಬಕ್ಕೆ ಒರಗಿಸಿ "ಗೊಂಬೆ" ಎಂದೆ. ಹೋಗಿ ಬರುವುದಷ್ಟೇ...

ಬಂದೆ. ಕಂಬ ಇತ್ತು. ಗುಂಡಿ ಇರಲಿಲ್ಲ.

ಬೇರೆ ಕಂಬವೇನೋ ಎಂದು ಮುಂದಿನದಕ್ಕೆ ಓಡಿದೆ. ಅದಲ್ಲ. ಅದರಾಚೆಯದು — ಅದೂ ಅಲ್ಲ. "ಗುಂಡೀ, ಗುಂಡೀ" ಎಂದು ಕೂಗಿದೆ. ಬಟನ್ ಮಾರುವ ಹುಡುಗಿ "ಯಾವ ಸೈಜು ಸಾರ್?" ಎಂದಳು. ಅವಳನ್ನು ದಾಟಿ ಓಡಿದೆ. ಎಷ್ಟು ಕೂಗಿದರೂ ಗುಂಡಿ ಓಗೊಡುವವಳಲ್ಲ ಎಂದು ಆಗ ಹೊಳೆಯಿತು. ಕೇಳಿಸಿದರೂ ಓಗೊಡುವುದಿಲ್ಲ. ಹಾಗೆಂದು ಕಲಿಸಿದವನು ನಾನೇ.

ಅಂಗಡಿಯ ಆ ತುದಿಯಲ್ಲಿ ಕಂಡಳು. ಯಾವಳೋ ಹೆಂಗಸು ಎತ್ತಿಕೊಂಡು ಹಿಂಬಾಗಿಲ ಕಡೆ ಹೋಗುತ್ತಿದ್ದಾಳೆ. ಗುಂಡಿ ಅಳುತ್ತಿಲ್ಲ, ಒದೆಯುತ್ತಿಲ್ಲ. ಕೈಕಾಲು ಸೆಟೆದುಕೊಂಡು, ತುಟಿ ಬಿಗಿದುಕೊಂಡು, ಅಪರಿಚಿತಳ ಹೆಗಲ ಮೇಲೆ ಬಟ್ಟೆಯ ಥಾನಿನ ಹಾಗೆ.

ಜನರನ್ನು ತಳ್ಳಿಕೊಂಡು ಓಡಿದೆ. ಬಾಗಿಲ ಬಳಿ ಸೆಕ್ಯುರಿಟಿಯವನ ಮುಂದೆ ಹಿಡಿದೆ.

"ಬಿಡಮ್ಮಾ, ನನ್ನ ಮೊಮ್ಮಗಳು."

"ನಿಮ್ಮವಳು ಅಂತ ನಾನು ಹೇಗೆ ನಂಬ್ಲಿ?" ಎಂದಳು ಹೆಂಗಸು. "ಒಂಟಿ ನಿಂತಿತ್ತು ಮಗು. ಹೆಸರು ಕೇಳಿದ್ರೆ ಮಾತಿಲ್ಲ. ಮೂಗಿಯೇನೋ ಅಂದ್ಕೊಂಡು ಇವರ ಹತ್ರ ಬಿಡೋಕೆ ತಂದೆ."

ಸೆಕ್ಯುರಿಟಿಯವನು ಬಗ್ಗಿ ಕೇಳಿದ. "ಪಾಪೂ, ಇವರು ಯಾರು? ಗೊತ್ತಾ ನಿಂಗೆ?"

ಗುಂಡಿ ನನ್ನನ್ನೇ ನೋಡಿದಳು. ಮಾತಾಡಲಿಲ್ಲ. ಸುತ್ತ ನಿಂತವರು ನನ್ನನ್ನು ನೋಡಿದ ನೋಟ...

ಟೇಪಿನ ತುದಿಯನ್ನು ಅವಳ ಮೂಗಿಗೆ ತಾಗಿಸಿದೆ.

"ತಾತಾ, ನಾನು ಕದಲ್ಲೇ ಇಲ್ಲ" ಎಂದಳು, ಹೆಮ್ಮೆಯಿಂದ. ಫ್ರಾಕು ಒದ್ದೆಯಾಗಿತ್ತು. ನಿಂತಲ್ಲೇ ಮಾಡಿಕೊಂಡಿದ್ದಳು ಪಾಪ, ಅದಕ್ಕೂ ಬಾಯಿ ಬಿಟ್ಟಿರಲಿಲ್ಲ.

ಎಲ್ಲರೂ ನಕ್ಕರು. ನನಗೆ ಆಗಲಿಲ್ಲ. ಆ ಹೆಂಗಸಿನ ಮುಖ ನೆನಪಿಲ್ಲ. ಅವಳ ಕೋಟಿನ ಎಡತೋಳಿನ ಹೊಲಿಗೆ ಬಿಚ್ಚಿದ್ದಷ್ಟೇ ನೆನಪಿದೆ. ಒಳ್ಳೆಯವಳು. ಒಳ್ಳೆಯವಳಲ್ಲದಿದ್ದರೂ ಗುಂಡಿ ಅವಳ ಹೆಗಲ ಮೇಲೆ ಹೀಗೇ ಇರುತ್ತಿದ್ದಳು.

ಮಾರ್ಚ್ 12

ಮಗಳಿಗೆ ಹೇಳಲಿಲ್ಲ. ಫ್ರಾಕು ಒಗೆದು ಹಾಕಿದೆ.

ಮಾರ್ಚ್ 14, ಶುಕ್ರವಾರ

ಹೇಳಿದೆ. ಊಟದ ತಟ್ಟೆ ಮುಂದಿಟ್ಟುಕೊಂಡು ಎಲ್ಲವನ್ನೂ. ಮಗಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈ ತೊಳೆದು ಬಂದು ಕೂತಳು.

"ಅಪ್ಪಾ, ನನಗೆ ಸಾಧು ಮಗು ಬೇಡ. ಯಾರಾದ್ರೂ ಮುಟ್ಟಿದ್ರೆ ಬೀದಿ ಒಂದಾಗೋ ಹಾಗೆ ಕಿರುಚೋ ಮಗು ಬೇಕು."

"ಕತ್ತರಿ ಮುಟ್ತಾಳಲ್ಲಮ್ಮಾ..."

"ಕತ್ತರಿನ ಮೇಲೆ ಇಡು. ಮಗೂನ ಕಟ್ಟಿ ಹಾಕ್ಬೇಡ."

ಬರುವ ಶುಕ್ರವಾರ ತಾನೇ ಪರೀಕ್ಷೆ ಮಾಡುತ್ತಾಳಂತೆ. ಅಷ್ಟರೊಳಗೆ ಗುಂಡಿ ಕೂಗುವುದು ಕಲಿಯಬೇಕು. ಇಲ್ಲದಿದ್ದರೆ ಡೇಕೇರ್. ಆಮೇಲೆ ಹಗಲಿಡೀ ಈ ಮನೆಯಲ್ಲಿ ಮಿಷಿನ್ನಿನ ಸದ್ದೊಂದೇ.

ಮಾರ್ಚ್ 15

ಶುರು ಮಾಡಿದೆವು. ಕಟಿಂಗ್ ಮೇಜಿನ ಕೆಳಗೆ ಕೂರಿಸಿ, "ನೀನು ತಪ್ಪಿಸ್ಕೊಂಡಿದ್ದೀಯ. ತಾತನ್ನ ಕೂಗು" ಎಂದೆ.

"ತಾತ" ಎಂದಳು. ಇರುವೆಗೂ ಕೇಳಿಸದಷ್ಟು ಮೆಲ್ಲಗೆ.

ಹೀಗಲ್ಲ, ಹೀಗೆ — ಎಂದು ನಾನೇ ಮೇಜಿನ ಕೆಳಗೆ ತೂರಿ ಬೊಬ್ಬೆ ಹೊಡೆದೆ. "ಇವರು ಯಾರೋ ನಂಗೊತ್ತಿಲ್ಲ, ಬನ್ನೀ..." ಮೇಲಿನ ಮನೆಯ ಮೇಷ್ಟ್ರಮ್ಮ ದಡದಡನೆ ಇಳಿದು ಬಂದರು. ಮೇಜಿನ ಕೆಳಗೆ ಬಗ್ಗಿ ನೋಡಿದರು.

"ಏನು ಟೈಲರ್ ಮಾವ, ಗಿರಾಕಿಗಳು ಬಟ್ಟೆ ಕೇಳೋಕೆ ಬಂದ್ರಾ? ಅಡಗಿಕೊಂಡಿದ್ದೀರಿ."

ಎದ್ದು ಬರಲು ಅವರೇ ಕೈ ಕೊಡಬೇಕಾಯಿತು. ಸೊಂಟ ಹಿಡಿದಿದೆ. ಗುಂಡಿ ಮಾತ್ರ ಬಾಯಿ ಬಿಡಲಿಲ್ಲ.

ಮಾರ್ಚ್ 17

ಕಾರಣ ಗೊತ್ತಾಯಿತು.

"ಯಾಕೆ ಕೂಗಲ್ಲ ಕಂದಾ?"

"ಕೂಗೋರು ಕೆಟ್ಟೋರು. ಗೊಂಬೆ ಜಾಣೆ. ನೀನೇ ಹೇಳಿದ್ದು."

ಹೌದು, ನಾನೇ ಹೇಳಿದ್ದು. ಬಿಗಿಯಾದ ಹೊಲಿಗೆಯನ್ನು ಬಟ್ಟೆ ಹರಿಯದ ಹಾಗೆ ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ಒಂದೊಂದೇ ಎಳೆ ಎಬ್ಬಿಸಬೇಕು.

ಮಾರ್ಚ್ 19

ಇವತ್ತು ಆಟ ತಿರುಗಿಸಿದೆ. ನಾನು ಗೊಂಬೆ. ಗುಂಡಿ ಜೋರಾಗಿ ಕೂಗಿದರೆ ಮಾತ್ರ ನನಗೆ ಬಿಡುಗಡೆ.

ಕಿಟಕಿಯ ಪಕ್ಕ ನಿಂತೆ. ಮೊದಲು ನಕ್ಕಳು. ಪ್ಯಾಂಟು ಹಿಡಿದು ಎಳೆದಳು. ಕುರ್ಚಿ ಹತ್ತಿ ನನ್ನ ಕೊರಳಿನ ಟೇಪು ಎಳೆದುಕೊಂಡು ನನ್ನ ಮೂಗಿಗೆ ತಾಗಿಸಿದಳು. ಕದಲಲಿಲ್ಲ. ಮತ್ತೆ ತಾಗಿಸಿದಳು. ಕದಲಲಿಲ್ಲ. ಅವಳ ಮುಖ ಸಣ್ಣಗಾಯಿತು.

"ತಾತ... ಸಾಕು." ಪಿಸುಮಾತು.

ಹಲ್ಲು ಕಚ್ಚಿ ನಿಂತೆ. ಕಣ್ಣು ತುಂಬಿ ಬಂತು ಅವಳಿಗೆ. ತುಟಿ ಅದುರಿತು, ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ನನ್ನಿಂದಾಗಲಿಲ್ಲ. ಬಾಚಿ ತಬ್ಬಿಕೊಂಡೆ. ಸೋತದ್ದು ನಾನೇ.

ಕಿವಿಯಲ್ಲಿ ಕೇಳಿದಳು. "ಕೂಗಿದ್ರೆ ಬರ್ತೀಯಾ?"

"ಎಲ್ಲಿದ್ರೂ ಬರ್ತೀನಿ."

"ಬೈಯಲ್ವಾ?"

"ಬೈಯಲ್ಲ."

ಮಾರ್ಚ್ 21, ಶುಕ್ರವಾರ, ಮಧ್ಯಾಹ್ನ

ಸಂಜೆ ಮಗಳ ಪರೀಕ್ಷೆ. ಬೆಳಿಗ್ಗೆ ಮೇಜಿನ ಕೆಳಗೆ ಇನ್ನೊಮ್ಮೆ ಕೂರಿಸಿ ನೋಡಿದೆ. ಅದೇ ಪಿಸುಪಿಸು. ಡೇಕೇರಿಗೆ ಒಯ್ಯಲು ಚೀಲವೊಂದನ್ನು ಹೊಲಿದಿಟ್ಟಿದ್ದೇನೆ, ಗುಂಡಿಗೆ ತೋರಿಸಿಲ್ಲ. ಕಾರ್ಪೆಂಟರ್ ಇವತ್ತು ಖಂಡಿತ ಬರುತ್ತಾನಂತೆ.

ಗುಂಡಿ ಚಿಂದಿ ಬಟ್ಟೆಯಲ್ಲಿ ಮೊಲ ಮಾಡಿಕೊಂಡು ಅದಕ್ಕೆ ಅಂಗಿ ತೊಡಿಸುತ್ತಿದ್ದಾಳೆ. ಮೊಲಕ್ಕೆ ಬೆಲ್ಟು ಬೇಕಂತೆ. ಹುಡುಕಿಕೊಂಡು ಒಳಗೆ ಹೋದಳು, ಏನೋ ತಂದು ಕಟ್ಟಿದಳು, ಮೊಲವನ್ನು ನನ್ನ ಮೇಜಿನ ಮೇಲೆ ಬಿಟ್ಟು ಮತ್ತೆ ಒಳಗೆ ಓಡಿದಳು. ಈಗ ಅಲ್ಲಿಂದ ಹಾಡು ಕೇಳಿಸುತ್ತಿದೆ, ದನಿ ಗುಂಯ್‌ಗುಡುತ್ತಿದೆ, ಬಾತ್‌ರೂಮಿನಲ್ಲಿ ಹಾಡಿದ ಹಾಗೆ —

ಮೊಲದ ಸೊಂಟಕ್ಕೆ ಲೈನಿಂಗ್ ಪಟ್ಟಿ. ಬಾಗಿಲಿನ ಹಿಡಿಯದು. ಆಗಲೇ ಬಿಚ್ಚಿ ತಂದಿದ್ದಾಳೆ, ನಾನು ನೋಡಲೇ ಇಲ್ಲ.

ಸರಕ್ಕನೆ ಚಿಲಕದ ಸದ್ದು. ಹಾಡು ನಿಂತಿತು.

ಬಕೆಟ್ ಬೋರಲು ಇದೆ. ಹೌದು, ಬೆಳಿಗ್ಗೆ ನಾನೇ —

"ತಾತಾ..."

ಪಿಸುಮಾತಲ್ಲ. ಇನ್ನೊಮ್ಮೆ. ಮೇಲೆ ಮೇಷ್ಟ್ರಮ್ಮನ ಬಾಗಿಲು ತೆರೆದ ಸದ್ದು, ಅಷ್ಟು ಜೋರು. ಕೂಗುತ್ತಿದ್ದಾಳೆ. ನಮ್ಮ ಗುಂಡಿಯೇ. ಬಂದೆ ಕಂದಾ, ಬಂದೆ —